ಒಬ್ಬರು ನೋಡಿದ್ದು ಹಲವರಿಗೆ ಸಾಕೆ?

ಅನ್ನ ಬೆಂದಿದೆಯೋ ಇಲ್ಲವೋ ಎಂಬುದನ್ನು ತಿಳಿಯಲು ಗೃಹಿಣಿಯು ಪಾತ್ರೆಯಲ್ಲಿರುವ ಅಗುಳುಗಳನ್ನೆಲ್ಲ ಹಿಸುಕಿ ನೋಡುವುದಿಲ್ಲ. ಒಂದು ಅಗುಳನ್ನು ಹಿಸುಕಿದರೆ ಸಾಕು, ಪಾತ್ರೆಯ ಸ್ಥಿತಿಯೆಲ್ಲ ಗೊತ್ತಾಗುತ್ತದೆ. ನಮ್ಮ ಶಾಸ್ತ್ರಕಾರರು ಇದಕ್ಕೆ ಸ್ಥಾಲೀಪುಲಾಕ ನ್ಯಾಯವೆಂದು ಹೆಸರಿಟ್ಟರು. ಆದರೆ ಒಂದು ಮನೆಯಾಕೆ ಹಿಸುಕಿ ನೋಡಿದ ಅಗುಳನ್ನು ನಂಬಿ ಇಡೀ ಬೀದಿಯವರು ಎಲೆಯ ಮುಂದೆ ಕುಳಿತುಕೊಳ್ಳಬಹುದೆ? ಪ್ರಶ್ನೆ ವಿನೋದದ್ದಾಗಿ ತೋರಬಹುದು. ಅಮೆರಿಕಾ ದೇಶದಲ್ಲಿ ಪರಮಾಣು ವಿದ್ಯುತ್ತನ್ನು ಉತ್ಪಾದಿಸುವ ಸಂಸ್ಥೆಗಳು ಸುಮಾರು ಇಪ್ಪತ್ತು ವರ್ಷಗಳ ಕಾಲ ಈ ಪ್ರಶ್ನೆಯೊಡನೆಯೇ ಹೆಣಗಾಡಿದುವು.

ಪರಮಾಣು ಸ್ಥಾವರವೆಂದರೆ ಒಂದು ಯಂತ್ರವಲ್ಲ, ಸಾವಿರಾರು ಯಂತ್ರಗಳ ಒಂದು ಊರು. ಮೈಲಿಗಟ್ಟಲೆ ಕೊಳವೆ, ಅದಕ್ಕಿಂತ ಉದ್ದನೆಯ ವಿದ್ಯುತ್ ತಂತಿ, ಪಂಪುಗಳು, ಕವಾಟಗಳು, ಕೊನೆಗೆ ಬೋಲ್ಟು ನಟ್ಟುಗಳು. ವಿದ್ಯುತ್ ಸಂಸ್ಥೆಯು ಇವುಗಳಲ್ಲಿ ಒಂದನ್ನೂ ತಾನಾಗಿ ತಯಾರಿಸುವುದಿಲ್ಲ. ಎಲ್ಲವನ್ನೂ ಎಲ್ಲಿಂದಲೋ ಕೊಂಡು ತರಬೇಕು. ಕೊಂಡ ವಸ್ತುವಿನ ಹೊರಮೈ ಹೊಳೆಯುತ್ತಿದ್ದ ಮಾತ್ರಕ್ಕೆ ಒಳಗಿನ ಲೋಹ ಹದವಾಗಿದೆಯೆಂದು ಯಾರು ಹೇಳಬಲ್ಲರು? ಆದ್ದರಿಂದ ಕೊಳ್ಳುವವನು ಮಾರುವವನ ಕಾರ್ಖಾನೆಗೇ ಹೋಗಿ, ಅವನು ಕೆಲಸ ಮಾಡುವ ಬಗೆ ಯಾವುದು, ಅಳತೆಯ ಸಾಧನಗಳು ಸರಿಯಾಗಿವೆಯೆ, ಬೆಸುಗೆ ಹಾಕುವವನಿಗೆ ತರಬೇತಿಯಿದೆಯೆ, ತಪ್ಪು ಕಂಡಾಗ ಅದನ್ನು ಬರೆದಿಡುತ್ತಾನೆಯೆ ಅಥವಾ ಮುಚ್ಚಿಹಾಕುತ್ತಾನೆಯೆ ಎಂದು ನೋಡಿ ಬರಬೇಕಾಗುತ್ತದೆ. ಇದಕ್ಕೆ ಗುಣಮಟ್ಟದ ಪರಿಶೋಧನೆ ಎಂದು ಹೆಸರು. ಲೆಕ್ಕಪತ್ರಗಳ ಪರಿಶೋಧನೆಯನ್ನು ಬಲ್ಲ ವಾಚಕರಿಗೆ ಈ ಮಾತು ಹೊಸದಲ್ಲ. ಅಲ್ಲಿ ಹಣದ ಲೆಕ್ಕ, ಇಲ್ಲಿ ಉಕ್ಕಿನ ಲೆಕ್ಕ, ವ್ಯತ್ಯಾಸ ಅಷ್ಟೆ.

ಒಬ್ಬರು ಪರೀಕ್ಷಿಸಿದ್ದನ್ನು ಎಲ್ಲರೂ ಒಪ್ಪಿಕೊಳ್ಳುವ ಪದ್ಧತಿ ಪರಮಾಣು ಯುಗಕ್ಕಿಂತ ಹಳೆಯದು. ಹಬೆಯಂತ್ರಗಳ ಕಾಲದಲ್ಲಿ ಅಮೆರಿಕಾದಲ್ಲಿ ಬಾಯ್ಲರುಗಳು ಸಿಡಿದು ಜನ ಸಾಯುವುದು ತೀರ ಸಾಮಾನ್ಯವಾಗಿತ್ತು. ೧೯೦೫ನೆಯ ಇಸವಿಯ ಮಾರ್ಚ್ ೨೦ರಂದು ಮ್ಯಾಸಚೂಸೆಟ್ಸ್ ಪ್ರಾಂತದ ಬ್ರಾಕ್ಟನ್ ಎಂಬ ಊರಿನಲ್ಲಿ ಒಂದು ಪಾದರಕ್ಷೆಯ ಕಾರ್ಖಾನೆಯ ಬಾಯ್ಲರು ಸಿಡಿದು, ಕಟ್ಟಡ ಕುಸಿದು ಹೊತ್ತಿಕೊಂಡು, ೫೮ ಮಂದಿ ಮಡಿದರು. ಎರಡು ವರ್ಷಗಳಲ್ಲಿ ಆ ಪ್ರಾಂತವು ಬಾಯ್ಲರು ನಿರ್ಮಾಣಕ್ಕೆ ಕಟ್ಟುನಿಟ್ಟಾದ ನಿಯಮಗಳನ್ನು ಮಾಡಿತು. ಪ್ರಾಂತಕ್ಕೊಂದು ನಿಯಮವಾದರೆ ತಯಾರಕರಿಗೆ ತೊಡಕೆಂದು ಯಂತ್ರಶಿಲ್ಪಿಗಳ ಸಂಘವು ಮುಂದೆ ಬಂದು, ೧೯೧೪ರ ಹೆಸರಿನಲ್ಲಿ ಒಂದು ಸಮಾನ ಸಂಹಿತೆಯನ್ನು ರಚಿಸಿತು. ಸಂಹಿತೆಯಂತೆ ಕಟ್ಟಿದ ಬಾಯ್ಲರಿನ ಮೇಲೆ ಮುದ್ರೆ ಬೀಳುತ್ತಿತ್ತು. ಮುದ್ರೆ ಕಂಡವನು ಮತ್ತೆ ಪರೀಕ್ಷಿಸಬೇಕಾಗಿರಲಿಲ್ಲ. ೧೯೬೩ರಲ್ಲಿ ಅದೇ ಸಂಹಿತೆಗೆ ಪರಮಾಣು ಪಾತ್ರೆಗಳ ಒಂದು ಅಧ್ಯಾಯವೂ ಸೇರಿತು.

ಅದೇ ವರ್ಷವೇ ಮುದ್ರೆಯಿಂದ ಮಾತ್ರ ಕೆಲಸ ಸಾಗದೆಂಬುದನ್ನು ತೋರಿಸಿದ ಒಂದು ದುರಂತ ನಡೆಯಿತು. ಏಪ್ರಿಲ್ ೧೦ರಂದು ಅಮೆರಿಕಾ ನೌಕಾಸೇನೆಯ ಥ್ರೆಷರ್ ಎಂಬ ಪರಮಾಣುಚಾಲಿತ ಜಲಾಂತರ್ಗಾಮಿಯು ಅಟ್ಲಾಂಟಿಕ್ ಸಾಗರದಲ್ಲಿ ಆಳದ ಪರೀಕ್ಷೆಗೆ ಇಳಿದು ಮತ್ತೆ ಮೇಲೇಳಲಿಲ್ಲ. ಒಳಗಿದ್ದ ೧೨೯ ಮಂದಿಯೂ ಜಲಸಮಾಧಿಯಾದರು. ಯಂತ್ರಾಗಾರದಲ್ಲಿ ಸಮುದ್ರದ ನೀರಿನ ಕೊಳವೆಯೊಂದರ ಜೋಡಣೆ ಬಿಟ್ಟುಕೊಂಡದ್ದೇ ಬಹುಶಃ ಕಾರಣವೆಂದು ವಿಚಾರಣೆಯಲ್ಲಿ ಅಭಿಪ್ರಾಯಪಟ್ಟರು. ಆಗ ಹೊರಬಂದ ಒಂದು ಸಂಗತಿಯನ್ನು ಓದಿದರೆ ಮೈ ಜುಮ್ಮೆನ್ನುತ್ತದೆ. ಹೊರಡುವ ಮುನ್ನ ಹಡಗುಕಟ್ಟೆಯಲ್ಲಿ ಬೆಳ್ಳಿಯ ಬೆಸುಗೆಯ ಕೊಳವೆ ಜೋಡಣೆಗಳಲ್ಲಿ ೧೪೫ನ್ನು ಶಬ್ದತರಂಗಗಳಿಂದ ಪರೀಕ್ಷಿಸಿದ್ದರು. ಅವುಗಳಲ್ಲಿ ನೂರಕ್ಕೆ ಹದಿನಾಲ್ಕು ನಿಗದಿಯ ಮಟ್ಟಕ್ಕಿಂತ ಕೆಳಗಿದ್ದುವು. ಉಳಿದ ಸಾವಿರಾರು ಜೋಡಣೆಗಳನ್ನು ಹಾಗೆ ಪರೀಕ್ಷಿಸದೆಯೇ ಹಡಗು ಸಮುದ್ರಕ್ಕೆ ಇಳಿಯಿತು. ಒಂದು ಅಗುಳು ಬೇಯದೆ ಇರುವುದನ್ನು ಕಂಡ ಮೇಲೂ ಊಟಕ್ಕೆ ಬಡಿಸಿದಂತಾಯಿತು.

ಪರಮಾಣು ನೌಕಾಪಡೆಯ ಜನಕನೆನಿಸಿದ ಅಡ್ಮಿರಲ್ ರಿಕೋವರನು ಇದಕ್ಕೆ ಹಿಂದಿನ ವರ್ಷವೇ, ೧೯೬೨ರ ಅಕ್ಟೋಬರಿನಲ್ಲಿ, ನ್ಯೂಯಾರ್ಕಿನ ಲೋಹತಜ್ಞರ ಸಮ್ಮೇಳನದಲ್ಲಿ ಕಾರ್ಖಾನೆದಾರರನ್ನು ಎದುರಿಗೆ ಕೂರಿಸಿಕೊಂಡು, ಅವರಿಂದ ತನಗೆ ಬರುತ್ತಿದ್ದ ಕಳಪೆ ಕವಾಟ, ಕಳಪೆ ಬೆಸುಗೆಗಳ ಪಟ್ಟಿಯನ್ನು ಹೇಳಿದ್ದನು. ಆತನ ನಾಲಗೆ ಹರಿತವೆಂದು ಎಲ್ಲರೂ ಬಲ್ಲರು. ಅಂದು ಆತನು ಹೇಳಿದ್ದು ಬರಿಯ ಬೈಗುಳವಲ್ಲವೆಂಬುದನ್ನು ಆರು ತಿಂಗಳಲ್ಲಿ ಕಾಲವೇ ಸಾಬೀತುಗೊಳಿಸಿತು.

ನೌಕಾಸೇನೆಯು ಕಲಿತ ಪಾಠವು ನಾಡಿನ ವಿದ್ಯುತ್ ಸ್ಥಾವರಗಳಿಗೆ ಕಾನೂನಾಗಿ ಬಂದುದು ೧೯೭೦ರಲ್ಲಿ. ಅಲ್ಲಿನ ಪರಮಾಣು ಶಕ್ತಿ ಆಯೋಗವು ತನ್ನ ನಿಯಮಾವಳಿಗೆ ‘ಬಿ’ ಅನುಬಂಧವೆಂಬುದನ್ನು ಸೇರಿಸಿತು. ಅದರಲ್ಲಿ ಹದಿನೆಂಟು ಸೂತ್ರಗಳಿವೆ. ನಮ್ಮ ಪ್ರಸ್ತುತ ವಿಷಯಕ್ಕೆ ಮೂರು ಸಾಕು. ಏಳನೆಯ ಸೂತ್ರವು, ಕೊಂಡು ತಂದ ವಸ್ತುವಿನ ಗುಣಕ್ಕೆ ಕೊಂಡವನು ಸಾಕ್ಷ್ಯ ಹೊಂದಿರಬೇಕೆಂದು ಹೇಳುತ್ತದೆ. ಹದಿನೆಂಟನೆಯದು, ಕಾಲಕಾಲಕ್ಕೆ ಪರಿಶೋಧನೆ ನಡೆಯಬೇಕೆಂದು ವಿಧಿಸುತ್ತದೆ. ಮೊದಲನೆಯದು ಎಲ್ಲಕ್ಕಿಂತ ಮಾರ್ಮಿಕವಾದುದು: ಸ್ಥಾವರದ ಒಡೆಯನು ಕೆಲಸವನ್ನು ಬೇರೆಯವರಿಗೆ ವಹಿಸಬಹುದು, ಆದರೆ ಹೊಣೆಯು ಅವನಲ್ಲಿಯೇ ಉಳಿಯುತ್ತದೆ. ಈ ಒಂದು ವಾಕ್ಯದ ಸುತ್ತಲೇ ಮುಂದಿನ ಕಥೆಯೆಲ್ಲ ತಿರುಗುತ್ತದೆ.

ಫ್ರಾನ್ಸಿನಂಥ ದೇಶದಲ್ಲಿ ಪರಮಾಣು ವಿದ್ಯುತ್ತಿಗೆ ಒಂದೇ ದೊಡ್ಡ ಸಂಸ್ಥೆ. ಅಮೆರಿಕಾದಲ್ಲಿ ಹಾಗಲ್ಲ. ಅಲ್ಲಿ ಹತ್ತಾರು ವಿದ್ಯುತ್ ಸಂಸ್ಥೆಗಳು ಒಂದೊಂದು, ಎರಡೆರಡು ಸ್ಥಾವರಗಳನ್ನು ಕಟ್ಟಿದುವು. ಎಲ್ಲರೂ ಅದೇ ಕೆಲವು ಕಾರ್ಖಾನೆಗಳಿಂದ ಕವಾಟ ಕೊಳ್ಳುವವರು, ಎಲ್ಲರಿಗೂ ಅದೇ ಹದಿನೆಂಟು ಸೂತ್ರಗಳು. ಐವತ್ತು ಸಂಸ್ಥೆಗಳು ಒಂದೇ ಕವಾಟದ ಕಾರ್ಖಾನೆಯಿಂದ ಕೊಳ್ಳುತ್ತವೆಯೆಂದು ಇಟ್ಟುಕೊಳ್ಳೋಣ. ಮೂರು ವರ್ಷಕ್ಕೊಮ್ಮೆ ಪರಿಶೋಧನೆ ಎಂಬುದು ವಾಡಿಕೆ. ವರ್ಷಕ್ಕೆ ಹದಿನೇಳು ತಂಡಗಳು ಬಾಗಿಲು ತಟ್ಟಿದುವು. ತಂಡವೊಂದಕ್ಕೆ ಒಂದು ವಾರ ಹಿಡಿದರೆ ವರ್ಷದ ಮೂರನೆಯ ಒಂದು ಪಾಲು ಅತಿಥಿಸತ್ಕಾರಕ್ಕೇ ಮೀಸಲಾಯಿತು. ಪ್ರಶ್ನೆಗಳೂ ಅವೇ, ಉತ್ತರಗಳೂ ಅವೇ. ಹದಿನೇಳನೆಯ ತಂಡ ಬರುವ ಹೊತ್ತಿಗೆ ಕಾರ್ಖಾನೆಯವನು ಉತ್ತರಗಳನ್ನು ಕಂಠಪಾಠ ಮಾಡಿರುತ್ತಾನೆ. ಪಾಠ ಹೇಳುವವರಿಗೆ ಇದರ ಅಪಾಯ ಚೆನ್ನಾಗಿ ಗೊತ್ತು: ಕಂಠಪಾಠದ ಹುಡುಗನು ಎಲ್ಲ ಪ್ರಶ್ನೆಗಳಿಗೂ ಸರಿಯಾಗಿ ಉತ್ತರ ಹೇಳುತ್ತಾನೆ, ವಿಷಯ ಮಾತ್ರ ಅವನಿಗೆ ಬಂದಿರುವುದಿಲ್ಲ. ಇತ್ತ ಸಣ್ಣ ವಿದ್ಯುತ್ ಸಂಸ್ಥೆಗಳಲ್ಲಿ ಪರಿಶೋಧಕರು ಬೆರಳೆಣಿಕೆಯವರು. ನೂರಾರು ಸರಬರಾಜುಗಾರರನ್ನು ನೋಡಿ ಮುಗಿಸಬೇಕಾದುದರಿಂದ ಅವರು ಕಾರ್ಖಾನೆಯ ಕಚೇರಿಯಲ್ಲಿ ಕಡತ ತಿರುವಿ ಹಿಂದಿರುಗುತ್ತಿದ್ದುದೇ ಹೆಚ್ಚು. ಯಂತ್ರದ ಬಳಿ ನಿಂತು ಕೆಲಸವನ್ನು ನೋಡಿದ್ದು ಕಡಮೆ.

ಒಬ್ಬರ ಅನುಭವ ಇನ್ನೊಬ್ಬರಿಗೆ ಮುಟ್ಟದಿದ್ದರೆ ಏನಾಗುತ್ತದೆಂಬುದಕ್ಕೆ ೧೯೭೯ರ ಮಾರ್ಚ್ ೨೮ರಂದು ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲೆಂಡಿನಲ್ಲಿ ನಡೆದ ಅಪಘಾತವೇ ನಿದರ್ಶನ. ಅಲ್ಲಿ ಒತ್ತಡ ಇಳಿಸುವ ಒಂದು ಕವಾಟವು ತೆರೆದುಕೊಂಡು ಮತ್ತೆ ಮುಚ್ಚಲಿಲ್ಲ. ಎರಡು ಗಂಟೆಗೂ ಮೀರಿ ತಂಪುನೀರು ಸೋರಿಹೋಯಿತು. ಇಂಧನದ ಸುಮಾರು ಅರ್ಧಭಾಗ ಕರಗಿತು. ಸೋಜಿಗದ ಮಾತೇನೆಂದರೆ, ಒಂದೂವರೆ ವರ್ಷ ಹಿಂದೆ, ೧೯೭೭ರ ಸೆಪ್ಟೆಂಬರ್ ೨೪ರಂದು, ಓಹಾಯೋ ಪ್ರಾಂತದ ಡೇವಿಸ್-ಬೆಸ್ಸೆ ಸ್ಥಾವರದಲ್ಲಿ ಇದೇ ಬಗೆಯ ಕವಾಟವು ಇದೇ ರೀತಿ ತೆರೆದು ನಿಂತಿತ್ತು. ಎರಡು ಸ್ಥಾವರಗಳ ರಿಯಾಕ್ಟರುಗಳೂ ಒಂದೇ ತಯಾರಕರವು. ಡೇವಿಸ್-ಬೆಸ್ಸೆಯು ಆಗ ತೀರ ಕಡಮೆ ಶಕ್ತಿಯಲ್ಲಿ ನಡೆಯುತ್ತಿತ್ತು, ಕೆಲಸಗಾರರೂ ಬೇಗ ಎಚ್ಚೆತ್ತುಕೊಂಡರು, ಹಾನಿಯಾಗಲಿಲ್ಲ. ತಯಾರಕ ಸಂಸ್ಥೆಯೊಳಗೆ ಇಂಜಿನಿಯರರು ಎಚ್ಚರಿಕೆಯ ಟಿಪ್ಪಣಿಗಳನ್ನೂ ಬರೆದರು. ಆ ಟಿಪ್ಪಣಿಗಳು ಮೇಜಿನಿಂದ ಮೇಜಿಗೆ ಸುತ್ತಿದುವೇ ಹೊರತು ತ್ರೀ ಮೈಲ್ ಐಲೆಂಡಿನ ಕೆಲಸಗಾರರಿಗೆ ತಲಪಲಿಲ್ಲ.

ಈ ಅಪಘಾತದಿಂದ ವಿದ್ಯುತ್ ಸಂಸ್ಥೆಗಳಿಗೆ ಒಂದು ಕಟು ಸತ್ಯ ಅರಿವಾಯಿತು. ನೆರೆಯವನ ಮನೆಗೆ ಬೆಂಕಿ ಬಿದ್ದರೆ ತನ್ನ ಮನೆಗೂ ಜನ ಕಾಲಿಡಲು ಹೆದರುತ್ತಾರೆ. ಅದೇ ವರ್ಷದ ಡಿಸೆಂಬರಿನಲ್ಲಿ ಅವುಗಳೆಲ್ಲ ಸೇರಿ, ಸ್ಥಾವರಗಳನ್ನು ನಡೆಸುವ ಅನುಭವವನ್ನು ಹಂಚಿಕೊಳ್ಳುವುದಕ್ಕಾಗಿ ಅಟ್ಲಾಂಟಾದಲ್ಲಿ ಒಂದು ಸಂಸ್ಥೆಯನ್ನು ತೆರೆದುವು. ಆದರೆ ಅದು ನಡೆಸುವ ಅನುಭವದ ವಿಷಯ. ಕೊಳ್ಳುವ ಅನುಭವದ ವಿಷಯದಲ್ಲಿ ಅದೇ ಬುದ್ಧಿ ಮೂಡಲು ಇನ್ನೂ ಹತ್ತು ವರ್ಷ ಹಿಡಿಯಿತು.

ಆ ಹತ್ತು ವರ್ಷ ಸುಖದ್ದಾಗಿರಲಿಲ್ಲ. ಓಹಾಯೋ ನದಿಯ ದಡದಲ್ಲಿ ಕಟ್ಟುತ್ತಿದ್ದ ಜಿಮ್ಮರ್ ಸ್ಥಾವರವು ನೂರಕ್ಕೆ ತೊಂಬತ್ತೇಳು ಪಾಲು ಮುಗಿದಿದ್ದಾಗ, ಅದರ ಗುಣಮಟ್ಟದ ದಾಖಲೆಗಳನ್ನು ನಂಬಲಾಗದೆ ೧೯೮೪ರಲ್ಲಿ ಪರಮಾಣು ಯೋಜನೆಯನ್ನೇ ಕೈಬಿಟ್ಟು, ಕೊನೆಗೆ ಕಲ್ಲಿದ್ದಲಿನ ಸ್ಥಾವರವಾಗಿ ಮಾರ್ಪಡಿಸಬೇಕಾಯಿತು. ಮದುವೆಯ ಮಂಟಪದವರೆಗೆ ಬಂದ ವರನನ್ನು ಜಾತಕ ಕಾಣೆಯೆಂದು ಹಿಂದಕ್ಕೆ ಕಳುಹಿಸಿದಂತಾಯಿತು ಎಂದು ನಗಬಹುದು. ಅದಕ್ಕೆ ಸುರಿದ ಹಣವನ್ನು ನೆನೆದರೆ ನಗು ಬಾರದು.

ಇದಕ್ಕೂ ಕೆಟ್ಟದ್ದು ಮೋಸದ ವ್ಯಾಪಾರ. ಅಷ್ಟು ಹೊತ್ತಿಗೆ ಹೊಸ ಸ್ಥಾವರಗಳ ನಿರ್ಮಾಣ ಕುಗ್ಗಿ, ಪರಮಾಣು ದರ್ಜೆಯ ವಸ್ತುಗಳನ್ನು ಮಾಡುತ್ತಿದ್ದ ಹಲವು ಕಾರ್ಖಾನೆಗಳು ಆ ಕೆಲಸವನ್ನೇ ಬಿಟ್ಟುಬಿಟ್ಟಿದ್ದುವು. ಸವೆದ ಭಾಗಕ್ಕೆ ಬದಲಿ ಬೇಕಾದಾಗ ಸಂಸ್ಥೆಗಳು ಸಾಮಾನ್ಯ ಪೇಟೆಯ ದಲ್ಲಾಳಿಗಳ ಬಳಿಗೆ ಹೋಗಬೇಕಾಯಿತು. ೧೯೮೭ರಲ್ಲಿ ಗುರುತಿಗೂ ಗುಣಕ್ಕೂ ಹೊಂದಿಕೆಯಿಲ್ಲದ ಬೋಲ್ಟುಗಳ ವಿಷಯವಾಗಿ ಅಲ್ಲಿನ ಪರಮಾಣು ನಿಯಂತ್ರಣ ಆಯೋಗವು ಪ್ರಕಟಣೆ ಹೊರಡಿಸಿತು. ೧೯೮೮ರ ಮೇ ತಿಂಗಳಲ್ಲಿ ನ್ಯೂಜೆರ್ಸಿಯ ಎರಡು ಸರಬರಾಜು ಸಂಸ್ಥೆಗಳು ಕೊಳವೆಯ ಜೋಡಣಾಭಾಗಗಳಿಗೆ ಸುಳ್ಳು ಪರೀಕ್ಷಾಪತ್ರ ಕೊಟ್ಟುದು ಬಯಲಾಯಿತು. ಅದೇ ವರ್ಷದ ಕೊನೆಯಲ್ಲಿ ಹಳೆಯ ವಿದ್ಯುತ್ ಬ್ರೇಕರುಗಳಿಗೆ ಹೊಸ ಮೈಬಣ್ಣ ಕೊಟ್ಟು ಮಾರುತ್ತಿದ್ದ ಸಂಗತಿ. ದೇಶದ ಸ್ಥಾವರಗಳಲ್ಲೆಲ್ಲ ಇಂಜಿನಿಯರರು ಗಡಸುತನ ಅಳೆಯುವ ಸಾಧನವನ್ನು ಹಿಡಿದುಕೊಂಡು ಕೊಳವೆಯಿಂದ ಕೊಳವೆಗೆ ಹತ್ತಬೇಕಾಯಿತು. ಇಲ್ಲಿಯೂ ಸಂಸ್ಥೆಗಳು ಒಟ್ಟುಗೂಡಿಯೇ ಪರೀಕ್ಷೆಗಳನ್ನು ನಡೆಸಿದುವು. ಬಹುಪಾಲು ಲೋಹವು ಕೆಲಸಕ್ಕೆ ಸಾಲುವಷ್ಟು ಗಟ್ಟಿಯಾಗಿದೆಯೆಂದು ತಿಳಿದುಬಂದುದು ಪುಣ್ಯ. ಲೋಹ ಗಟ್ಟಿ, ಕಾಗದ ಸುಳ್ಳು! ಕಾಗದವನ್ನು ಮಾತ್ರ ನೋಡಿ ಬರುವ ಪರಿಶೋಧನೆಯ ಬೆಲೆ ಎಷ್ಟೆಂಬುದು ಅಂದು ಎಲ್ಲರಿಗೂ ತಿಳಿಯಿತು. ೧೯೮೯ರ ಮಾರ್ಚಿನಲ್ಲಿ ಆಯೋಗವು ಬರೆದ ಸಾರ್ವತ್ರಿಕ ಪತ್ರದಲ್ಲಿ, ಖರೀದಿಯ ಕೆಲಸದಲ್ಲಿ ಗುಮಾಸ್ತರಲ್ಲದೆ ಇಂಜಿನಿಯರರೂ ಭಾಗವಹಿಸಬೇಕು, ಬಂದ ಸಾಮಾನನ್ನು ನಿಜವಾಗಿ ಪರೀಕ್ಷಿಸಬೇಕು ಎಂಬ ಅರ್ಥದ ಸೂಚನೆಗಳಿದ್ದುವು.

ಅದೇ ೧೯೮೯ರಲ್ಲಿ ಅಮೆರಿಕಾದ ಪರಮಾಣು ವಿದ್ಯುತ್ ಸಂಸ್ಥೆಗಳು ‘ಪರಮಾಣು ಖರೀದಿ ವಿಷಯಗಳ ಸಮಿತಿ’ ಎಂಬುದನ್ನು ಸ್ಥಾಪಿಸಿದುವು. ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿ ಅದನ್ನು ನ್ಯೂಪಿಕ್ ಎಂದು ಕರೆಯುತ್ತಾರೆ. ಮುಂದೆ ಹೊರದೇಶಗಳ ಕೆಲವು ಸಂಸ್ಥೆಗಳೂ ಅದಕ್ಕೆ ಸೇರಿದುವು. ಕೆನಡಾದವರು ತಮ್ಮ ಸ್ಥಾವರಗಳಿಗೆ ಇಂಥದೇ ಪ್ರತ್ಯೇಕ ಸಮಿತಿಯನ್ನು ಮಾಡಿಕೊಂಡರು.

ಅದರ ಕಾರ್ಯಕ್ರಮ ಸರಳವಾದುದು. ಒಬ್ಬ ಸರಬರಾಜುಗಾರನಿಂದ ಹಲವು ಸಂಸ್ಥೆಗಳು ಕೊಳ್ಳುತ್ತಿದ್ದರೆ, ಅವುಗಳಲ್ಲೊಂದು ಮುಂದಾಳಾಗುತ್ತದೆ. ಉಳಿದವುಗಳಿಂದ ಒಬ್ಬಿಬ್ಬರು ಪರಿಶೋಧಕರು ಬಂದು ಸೇರುತ್ತಾರೆ. ಕವಾಟದ ಕಾರ್ಖಾನೆಯಾದರೆ ಕವಾಟವನ್ನು ಬಲ್ಲ ತಜ್ಞನೂ ಜೊತೆಗಿರುತ್ತಾನೆ; ಹಿಂದೆ ಒಂಟಿ ಸಂಸ್ಥೆಗೆ ಅಂಥವನನ್ನು ಕಳುಹಿಸುವ ಚೈತನ್ಯವಿರಲಿಲ್ಲ. ನನ್ನ ಅಭಿಪ್ರಾಯದಲ್ಲಿ ಈ ಏರ್ಪಾಟಿನ ನಿಜವಾದ ಲಾಭ ಇದೇ. ಉಳಿತಾಯವಾದ ರೈಲುಖರ್ಚು, ವಿಮಾನಖರ್ಚು ಆಮೇಲಿನದು. ಎಲ್ಲರೂ ಒಪ್ಪಿದ ಒಂದು ಪ್ರಶ್ನಾವಳಿಯಂತೆ ಕರಾರು, ವಿನ್ಯಾಸ, ಕಚ್ಚಾ ಸಾಮಾನಿನ ಖರೀದಿ, ಬೆಸುಗೆ, ಅಳತೆಯ ಸಾಧನಗಳು, ದೋಷಪರಿಹಾರ, ಸಿಬ್ಬಂದಿಯ ತರಬೇತಿ ಎಲ್ಲವನ್ನೂ ನೋಡುತ್ತಾರೆ. ಕಡತದಲ್ಲಿ ಬರೆದಂತೆ ಕೆಲಸ ನಡೆಯುತ್ತಿದೆಯೆ ಎಂದು ಕೆಲಸಗಾರನ ಪಕ್ಕದಲ್ಲಿ ನಿಂತು ನೋಡಬೇಕೆಂಬುದು ಹೊಸ ಕ್ರಮದ ಕಟ್ಟಳೆ. ಆಮೇಲೆ ವರದಿಯು ಎಲ್ಲ ಸದಸ್ಯರಿಗೂ ಸಿಗುತ್ತದೆ. ಮೂರು ವರ್ಷಕ್ಕೊಮ್ಮೆ ಇದರ ಆವೃತ್ತಿ. ಆ ಕಾಲದಲ್ಲಿ ಅಮೆರಿಕಾದಲ್ಲಿ ನಡೆಯುತ್ತಿದ್ದ ರಿಯಾಕ್ಟರುಗಳು ಸುಮಾರು ನೂರಹತ್ತು ಎಂಬುದನ್ನು ನೆನೆದರೆ ಶ್ರಮ ಎಷ್ಟು ತಗ್ಗಿರಬೇಕೆಂದು ಊಹಿಸಬಹುದು.

ನಮ್ಮಲ್ಲಿ ಹತ್ತನೆಯ ತರಗತಿಯ ಸಾರ್ವತ್ರಿಕ ಪರೀಕ್ಷೆಯಿದೆಯಷ್ಟೆ. ಒಬ್ಬ ಮೌಲ್ಯಮಾಪಕನು ಹಾಕಿದ ಅಂಕವನ್ನು ನಾಡಿನ ಕಾಲೇಜುಗಳೆಲ್ಲ ಒಪ್ಪುತ್ತವೆ. ಪ್ರತಿಯೊಂದು ಕಾಲೇಜೂ ಬೇರೆ ಬೇರೆ ಪರೀಕ್ಷೆ ನಡೆಸಿದರೆ ಮಕ್ಕಳ ಗತಿಯೇನು! ಆದರೆ ಮೌಲ್ಯಮಾಪಕನು ಒಂದು ಉತ್ತರವನ್ನು ನೋಡದೆ ಬಿಟ್ಟನೆಂದರೆ ಎಲ್ಲ ಕಾಲೇಜುಗಳೂ ಒಟ್ಟಿಗೇ ತಪ್ಪುತ್ತವೆ. ಐವತ್ತು ಜನ ಬೇರೆ ಬೇರೆಯಾಗಿ ನೋಡಿದಾಗ ನಲವತ್ತೊಂಬತ್ತು ಮಂದಿ ಎಡವಿದರೂ ಒಬ್ಬನಾದರೂ ಕಂಡಾನೆಂಬ ಆಸೆಯಿರುತ್ತದೆ. ಒಂದೇ ತಂಡ ನೋಡಿದಾಗ ಆ ಆಸೆಯಿಲ್ಲ. ತರ್ಕಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಇದು ಪ್ರತ್ಯಕ್ಷವನ್ನು ಬಿಟ್ಟು ಆಪ್ತವಾಕ್ಯವನ್ನು ಹಿಡಿಯುವ ಮಾರ್ಗ. ಆಪ್ತವಾಕ್ಯವೂ ಪ್ರಮಾಣವೇ, ಸಂದೇಹವಿಲ್ಲ. ಆದರೆ ಹೇಳುವವನು ಆಪ್ತನೆಂಬುದು ಮೊದಲು ನಿಶ್ಚಯವಾಗಬೇಕು. ಇಲ್ಲದಿದ್ದರೆ ಅದು ಅಂಧಪರಂಪರೆಯಾಗುತ್ತದೆ, ಕುರುಡನ ಹೆಗಲನ್ನು ಕುರುಡನು ಹಿಡಿದು ನಡೆದ ಸಾಲು.

ಇದಕ್ಕಾಗಿಯೇ ‘ಬಿ’ ಅನುಬಂಧದ ಆ ಮೊದಲನೆಯ ಸೂತ್ರವನ್ನು ಯಾರೂ ಸಡಿಲಿಸಲಿಲ್ಲ. ಸಮಿತಿಯು ಪರಿಶೋಧನೆಯನ್ನು ಹಂಚುತ್ತದೆ, ಹೊಣೆಯನ್ನು ಹಂಚುವುದಿಲ್ಲ. ವರದಿ ಕೈಸೇರಿದ ಪ್ರತಿಯೊಂದು ಸಂಸ್ಥೆಯೂ ಅದನ್ನು ತಾನೇ ಓದಿ, ತಾನು ಕೊಳ್ಳುವ ವಸ್ತು ಆ ಪರಿಶೋಧನೆಯ ವ್ಯಾಪ್ತಿಯಲ್ಲಿದೆಯೆ, ಕಂಡ ದೋಷವು ತನ್ನ ಉಗ್ರಾಣದಲ್ಲಿರುವ ಸಾಮಾನಿಗೂ ತಟ್ಟುತ್ತದೆಯೆ ಎಂದು ತೀರ್ಮಾನಿಸಿ ಬರೆದಿಡಬೇಕು. ಮುಂದಾಳಿನ ಸಹಿಯನ್ನು ತೋರಿಸಿ ತಪ್ಪಿಸಿಕೊಳ್ಳುವಂತಿಲ್ಲ.

ಇಷ್ಟೆಲ್ಲ ಕಾವಲಿದ್ದರೂ ಮೋಸ ನಿಂತಿತೆ? ೨೦೧೨ರ ನವೆಂಬರಿನಲ್ಲಿ ದಕ್ಷಿಣ ಕೊರಿಯಾದಲ್ಲಿ ಎಂಟು ಸರಬರಾಜುಗಾರರು ಅರುವತ್ತು ಸುಳ್ಳು ಪ್ರಮಾಣಪತ್ರಗಳ ಮೇಲೆ ೭,೬೮೨ ಬಿಡಿಭಾಗಗಳನ್ನು ಸ್ಥಾವರಗಳಿಗೆ ದಾಟಿಸಿದ್ದುದು ಬೆಳಕಿಗೆ ಬಂದಿತು. ಫ್ಯೂಸು, ತಂಪುಗಾಳಿಯ ಪಂಖ, ಸ್ವಿಚ್ಚುಗಳಂಥ ಸಣ್ಣ ವಸ್ತುಗಳು. ಎರಡು ರಿಯಾಕ್ಟರುಗಳನ್ನು ನಿಲ್ಲಿಸಿ ಅವುಗಳನ್ನೆಲ್ಲ ಕಿತ್ತು ಬದಲಾಯಿಸಬೇಕಾಯಿತು. ಮರುವರ್ಷ ನಿಯಂತ್ರಣ ತಂತಿಗಳ ಪರೀಕ್ಷಾವರದಿಯೇ ಸುಳ್ಳೆಂದು ತಿಳಿದು ಇನ್ನೂ ಕೆಲವು ರಿಯಾಕ್ಟರುಗಳು ನಿಂತುವು. ಸುಮಾರು ನೂರು ಮಂದಿಯ ಮೇಲೆ ಮೊಕದ್ದಮೆ ನಡೆಯಿತು.

ಫ್ರಾನ್ಸಿನ ಲ ಕ್ರೂಸೋ ಕಮ್ಮಟದ ಸಂಗತಿ ಇನ್ನೂ ಆಲೋಚನೆಗೆ ಹಚ್ಚುವಂಥದು. ಅದು ದೊಡ್ಡ ಉಕ್ಕಿನ ಪಾತ್ರೆಗಳ ಭಾಗಗಳನ್ನು ಕಾಯಿಸಿ ಬಡಿದು ಮಾಡುವ ಹಳೆಯ ಹೆಸರಾಂತ ಕಮ್ಮಟ. ಫ್ಲಾಮಾನ್‌ವಿಲ್ ಎಂಬಲ್ಲಿ ಕಟ್ಟುತ್ತಿದ್ದ ಹೊಸ ರಿಯಾಕ್ಟರಿನ ಪಾತ್ರೆಯ ಮುಚ್ಚಳ ಮತ್ತು ತಳದ ಉಕ್ಕಿನಲ್ಲಿ ಇಂಗಾಲದ ಅಂಶ ಹೆಚ್ಚಾಗಿದೆಯೆಂದು ೨೦೧೫ರ ಏಪ್ರಿಲಿನಲ್ಲಿ ಅಲ್ಲಿನ ಸುರಕ್ಷತಾ ಪ್ರಾಧಿಕಾರವು ಪ್ರಕಟಿಸಿತು. ಅದರ ಬೆನ್ನು ಹತ್ತಿ ಹಳೆಯ ಕಡತಗಳನ್ನು ತೆಗೆದಾಗ, ೧೯೬೫ರಿಂದೀಚೆಗೆ ಮಾಡಿದ ಸುಮಾರು ನಾನೂರು ಭಾಗಗಳ ದಾಖಲೆಗಳಲ್ಲಿ ಅಕ್ರಮಗಳಿವೆಯೆಂದು ೨೦೧೬ರಲ್ಲಿ ಗೊತ್ತಾಯಿತು. ಅರ್ಧ ಶತಮಾನ! ಅಷ್ಟು ವರ್ಷಗಳಲ್ಲಿ ಎಷ್ಟು ದೇಶಗಳ, ಎಷ್ಟು ಸಂಸ್ಥೆಗಳ ಪರಿಶೋಧಕರು ಆ ಬಾಗಿಲನ್ನು ದಾಟಿರಬೇಕು. ಫೆಸನ್‌ಹೈಮಿನ ಎರಡನೆಯ ರಿಯಾಕ್ಟರು ಅಲ್ಲಿ ಮಾಡಿದ ಒಂದು ಭಾಗದ ಕಾರಣ ೨೦೧೬ರ ಜೂನಿನಿಂದ ೨೦೧೮ರ ಏಪ್ರಿಲಿನವರೆಗೆ ನಿಂತೇ ಇತ್ತು. ಒಟ್ಟಿಗೆ ನೋಡಿದರೆ ಕಾಣುತ್ತದೆ, ಬೇರೆ ಬೇರೆ ನೋಡಿದರೆ ಕಾಣದು ಎಂದಾಗಲಿ, ಅದಕ್ಕೆ ವಿಪರೀತವಾಗಲಿ ಇದರಿಂದ ಹೇಳಲು ಬಾರದು. ತೋರಿಸಿದ ಕಡತವನ್ನು ನೋಡುವುದು ಬೇರೆ, ತೋರಿಸದ ಕಡತವನ್ನು ಕೇಳುವುದು ಬೇರೆ.

ಈ ಪ್ರಕರಣದ ಬಳಿಕ ಸರ್ಕಾರಗಳ ನಿಯಂತ್ರಣಾಧಿಕಾರಿಗಳೂ ವಿದ್ಯುತ್ ಸಂಸ್ಥೆಗಳು ಹಿಡಿದ ದಾರಿಯನ್ನೇ ಹಿಡಿದರು. ೨೦೧೬ರ ಕೊನೆಯಲ್ಲಿ ಫ್ರಾನ್ಸಿನವರೊಡನೆ ಅಮೆರಿಕಾ, ಬ್ರಿಟನ್ ಮೊದಲಾದ ಹಲವು ದೇಶಗಳ ಅಧಿಕಾರಿಗಳು ಒಂದೇ ತಂಡವಾಗಿ ಲ ಕ್ರೂಸೋವಿಗೆ ಹೋಗಿ ಪರಿಶೀಲಿಸಿದರು. ಕೊಳ್ಳುವವರು ಹಂಚಿಕೊಂಡಂತೆ ಕಾಯುವವರೂ ಹಂಚಿಕೊಂಡರು.

ಇತ್ತ ಅಮೆರಿಕಾದಲ್ಲಿ ನ್ಯೂಪಿಕ್ಕಿನ ಪರಿಶೋಧನೆಗಳು ನಡೆಯುತ್ತಲೇ ಇವೆ. ೨೦೨೦ರ ಸಾಂಕ್ರಾಮಿಕದಲ್ಲಿ ಪ್ರಯಾಣ ನಿಂತಾಗ ಪರಿಶೋಧನೆಯ ಗಡುವನ್ನು ಕೆಲವು ತಿಂಗಳು ಮುಂದೂಡಲು ಆಯೋಗವು ಅನುಮತಿ ಕೊಟ್ಟಿತು. ದೂರದಿಂದಲೇ ಪರದೆಯ ಮೇಲೆ ಕಡತ ನೋಡುವ ಕ್ರಮವೂ ಬಂದಿತು. ಬೆಸುಗೆಯ ಕಿಡಿಯನ್ನು ಹತ್ತಿರ ನಿಂತು ನೋಡಿದ ಹಿರಿಯ ಪರಿಶೋಧಕರಿಗೆ ಅದು ರುಚಿಸಿರಲಾರದೆಂದು ನನ್ನ ಎಣಿಕೆ. ಪ್ರತಿ ವರ್ಷವೂ ಆಯೋಗದ ಅಧಿಕಾರಿಗಳು ಕೆಲವು ಪರಿಶೋಧನೆಗಳಿಗೆ ತಾವೂ ಹೋಗಿ, ಪ್ರಶ್ನೆ ಕೇಳದೆ ಒಂದು ಪಕ್ಕಕ್ಕೆ ನಿಂತು, ಕಾರ್ಖಾನೆಯವರಿಗಿಂತ ಹೆಚ್ಚಾಗಿ ಪರಿಶೋಧಕರನ್ನೇ ಗಮನಿಸುತ್ತಾರೆ. ತಂಡವು ಯಾವ ಕೆಲಸವನ್ನು ಕಣ್ಣಾರೆ ಕಂಡಿತು, ಯಾವುದನ್ನು ಕಡತದಿಂದ ತಿಳಿಯಿತು ಎಂಬುದನ್ನು ಬರೆದು ಆ ವರದಿಯನ್ನು ಸಾರ್ವಜನಿಕರಿಗೂ ಓದಲು ಇಡುತ್ತಾರೆ.